ಒಳಲೆ ಕಳಿಸುತ್ತಿದ್ದೇನೆ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ಅತ್ತಿದ್ದು ಬಿಟ್ಟರೆ ನೀನು ಮಾತೇ ಆಡಲಿಲ್ಲ. ಆಮೇಲೆ ನಿನ್ನಮ್ಮನೇ ಎಲ್ಲ ಹೇಳಿದಳು. ಮಗು 33 ವಾರಕ್ಕೇ ಹುಟ್ಟಿದೆ, ತೂಕ 1,700 ಗ್ರಾಂ, ಹಿಂಡಿದರೆ ನಾಲ್ಕು ಹನಿ ಬರುತ್ತದೆ, ನಿಮ್ಮ ಅತ್ತೆಯವರು ಡಬ್ಬಿ ಹಾಲು ತರಿಸಿದ್ದಾರೆ.

ಡಬ್ಬಿ ಹಾಗೇ ಇರಲಿ. ಡಾಕ್ಟರು ಹೇಳುವವರೆಗೆ ತೆಗೆಯಬೇಡ.

ಮೊದಲ ದಿನ ಇಷ್ಟು ತೂಕದ ಕೂಸಿಗೆ ಎರಡು ಗಂಟೆಗೊಮ್ಮೆ ಬೇಕಾಗುವುದು ಎಂಟೊಂಬತ್ತು ಎಂಎಲ್ ಮಾತ್ರ. ಎರಡು ಟೀ ಚಮಚವೂ ತುಂಬುವುದಿಲ್ಲ. ನೀನು ಬಟ್ಟಲು ತುಂಬಬೇಕು ಅಂದುಕೊಂಡು ಕಂಗಾಲಾಗಿದ್ದೀಯ, ಅಲ್ವಾ? ಆ ನಾಲ್ಕು ಹನಿ ಗಿಣ್ಣು ಹಾಲನ್ನೂ ಸಿರಿಂಜಿನಲ್ಲಿ ಹಿಡಿದು ನರ್ಸ್ ಕೈಗೆ ಕೊಡು. ದಿನಕ್ಕೆ ಎಂಟು ಸಲವಾದರೂ ಹಿಂಡು, ರಾತ್ರಿಯೂ ಬಿಡಬೇಡ. ಖಾಲಿಯಾದಷ್ಟೂ ಹಾಲು ಊರುತ್ತದೆ.

1986ರಲ್ಲಿ ನಾನು ಉಲ್ಟಾ ಮಾಡಿದೆ. ನಿಮ್ಮಣ್ಣ ಹುಟ್ಟಿದಾಗ 1,900 ಗ್ರಾಂ. ಗಿಣ್ಣು ಹಾಲು ಕೆಟ್ಟದ್ದು ಅಂತ ಹಿಂಡಿ ಚೆಲ್ಲಿಸಿದರು. ನಾಲಿಗೆಗೆ ಜೇನುತುಪ್ಪ ಸವರಿದರು, ನೀರು ಬೆರೆಸಿದ ಹಸುವಿನ ಹಾಲನ್ನು ಬಾಟಲಿಯಲ್ಲಿ ಕೊಟ್ಟರು. ನಾನು ಸುಮ್ನೆ ನೋಡುತ್ತಾ ಕೂತೆ. ಎಂಟನೇ ದಿನಕ್ಕೆ ಭೇದಿ ಹತ್ತಿ ಹತ್ತು ದಿನ ಆಸ್ಪತ್ರೆ. ಈಗ ಅವನ ಹೊಟ್ಟೆ ನೋಡಿದರೆ ನಂಬುತ್ತೀಯಾ! ಆದರೆ ಆ ಹತ್ತು ರಾತ್ರಿ ನಾನು ಮರೆತಿಲ್ಲ.

ದಿನ ತುಂಬದ ಮಗುವಿನ ಕರುಳು ಎಳಸು. ಡಬ್ಬಿ ಹಾಲಿನಲ್ಲಿ ಬೆಳೆಯುವ ಇಂಥ ಮಕ್ಕಳಿಗೆ ಕರುಳು ಬೇನೆ ಬರುವ ಅಪಾಯ ಜಾಸ್ತಿ. ನಿನ್ನದು ಸಾಲದೇ ಹೋದರೆ ಬೇರೆ ತಾಯಂದಿರು ಕೊಟ್ಟ ಹಾಲು ಸಿಗುತ್ತದಾ ಅಂತ ಕೇಳು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ ಅಂಥ ಹಾಲಿನ ಬ್ಯಾಂಕ್ ಇದೆ. ಕೊಟ್ಟವರ ರಕ್ತ ಪರೀಕ್ಷೆ ಮಾಡಿ, ಹಾಲನ್ನು ಹದವಾಗಿ ಕಾಯಿಸಿಯೇ ಕೊಡುತ್ತಾರೆ. ಅದೂ ಸಿಗದಿದ್ದರೆ ಡಾಕ್ಟರು ಹೇಳಿದ ಡಬ್ಬಿ ಹಾಲು ಕೊಡು. ಆಗ ತಪ್ಪು ಮಾಡಿದೆ ಅಂತ ಕೊರಗಬೇಡ. ಹಸುವಿನ ಹಾಲು, ಜೇನು ಮಾತ್ರ ಬೇಡ. ನಿಮ್ಮ ಅತ್ತೆಯವರ ಹತ್ತಿರ ಜಗಳಕ್ಕೆ ಹೋಗಬೇಡ, ಡಾಕ್ಟರು ಬೇಡ ಅಂದರು ಅಂತ ಅವರ ಮೇಲೆ ಹಾಕು.

ಮೊಲೆ ಚೀಪುತ್ತಿಲ್ಲ ಅಂತಲೂ ಅಳುತ್ತಿದ್ದೀಯಂತೆ. ಚೀಪಿ, ನುಂಗಿ, ಉಸಿರಾಡುವುದು ಮೂರೂ ಒಟ್ಟಿಗೆ ಕೂಡಿಬರುವುದು ಸುಮಾರು 34 ವಾರಕ್ಕೆ. ಅಲ್ಲಿಯವರೆಗೆ ಮೂಗಿನ ನಳಿಕೆ ಇಲ್ಲವೇ ಒಳಲೆ, ಅಂದರೆ ಕೂಸಿಗೆ ಹಾಲು ಕುಡಿಸುವ ಮೂತಿಯಿರುವ ಪುಟ್ಟ ಬಟ್ಟಲು. ಡಾಕ್ಟರು ಒಪ್ಪಿದರೆ ಕೂಸನ್ನು ಬರಿ ಎದೆಗೆ ಅವುಚಿಕೋ. ಬೆಚ್ಚಗೂ ಇರುತ್ತದೆ, ನಿನಗೆ ಹಾಲೂ ಇಳಿಯುತ್ತದೆ. ನಿನಗೆ ಸುಸ್ತಾದಾಗ ಅಳಿಯಂದಿರೂ ಅಂಗಿ ಬಿಚ್ಚಿ ಕೂರಲಿ, ನಾಚಿಕೆ ಯಾಕೆ?

ತೂಕ ಮೊದಲು ಸ್ವಲ್ಪ ಇಳಿಯುತ್ತದೆ. ಎರಡು ವಾರದಲ್ಲಿ ಹುಟ್ಟಿದ ತೂಕಕ್ಕೆ ಬಂದರೆ ಸರಿ. ದಿನಾ ತಕ್ಕಡಿ ನೋಡಿ ಎದೆ ಒಡೆದುಕೊಳ್ಳಬೇಡ. ಆದರೆ ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಂಕಾದರೆ ಒಂದು ಗಳಿಗೆಯೂ ಕಾಯದೆ ಹೇಳು.

ನಮ್ಮಮ್ಮನ ಬೆಳ್ಳಿ ಒಳಲೆಯನ್ನು ನಾಳೆ ನಿನ್ನ ತಮ್ಮನ ಕೈಲಿ ಕಳಿಸುತ್ತೇನೆ. ಮೂತಿಯೊಳಗೆ ಹಾಲಿನ ಜಿಡ್ಡು ನಿಲ್ಲುತ್ತದೆ. ಪ್ರತಿ ಸಲವೂ ಚೆನ್ನಾಗಿ ಉಜ್ಜಿ ತೊಳೆದು, ನೀರಿನಲ್ಲಿ ಕುದಿಸಿಯೇ ಬಳಸು.

ನಿನ್ನ ದೊಡ್ಡಮ್ಮ