ಶಾಲೆಯ ದಾರಿಯ ಕಾಲುಸಂಕ

ಉಡುಪಿ ಜಿಲ್ಲೆಯ ಹಲವು ಹಳ್ಳಿಗಳ ಮಕ್ಕಳು ಮಳೆಗಾಲದಲ್ಲಿ ಇನ್ನೂ ಹಳ್ಳದ ಮೇಲಿನ ಮರದ ಕಾಲುಸಂಕ (ಕಿರಿದಾದ ಕಾಲುಸೇತುವೆ) ದಾಟಿಯೇ ಶಾಲೆಗೆ ಹೋಗಬೇಕಾಗಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 94ರಷ್ಟು ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲು ಬಂದ ಜಿಲ್ಲೆ ಇದು. ನಾವೆಲ್ಲ ಹೆಮ್ಮೆಪಟ್ಟೆವು, ಅಲ್ವಾ? ಆದರೆ 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಸಂಕದಿಂದ ಜಾರಿ ನೀರುಪಾಲಾದಳು. ಅದನ್ನು ಮರೆಯುವುದು ಹೇಗೆ? ಕಾಲಡಿ ಪಾಚಿ ಕಟ್ಟಿದ ಮರ, ಬೆನ್ನಿಗೆ ಚೀಲ, ಕೈಯಲ್ಲಿ ಕೊಡೆ, ಕೆಳಗೆ ಕೆಂಪು ನೀರು. ದೊಡ್ಡವರಿಗೇ ಕಾಲು ನಡುಗುತ್ತದೆ.

ಪ್ರತಿ ಗ್ರಾಮ ಪಂಚಾಯಿತಿಯೂ ಏಪ್ರಿಲ್‌ನಲ್ಲೇ ಶಿಕ್ಷಕರನ್ನು ಕೇಳಿ, ಮಕ್ಕಳು ದಾಟುವ ಸಂಕಗಳ ಪಟ್ಟಿ ಮಾಡಲಿ. ಕಾಂಕ್ರೀಟ್ ಕೆಲಸ ಅಲ್ಲಿಂದಲೇ ಶುರುವಾಗಲಿ. ಅಲ್ಲಿಯವರೆಗೆ ಎರಡೂ ಬದಿಗೆ ಗಟ್ಟಿಯಾದ ಹಿಡಿಕೆಯನ್ನಾದರೂ ಕಟ್ಟಿಸಲಿ.

– ಒಬ್ಬ ಪೋಷಕ, ಕುಂದಾಪುರ