ಉಂಚಳ್ಳಿಗೆ ಕೊಡೆ ತನ್ನಿ
ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 7ಕ್ಕೆ ಶಿರಸಿ ಹಳೇ ಬಸ್ ಸ್ಟ್ಯಾಂಡಿನಿಂದ ಉಂಚಳ್ಳಿ ಜಲಪಾತಕ್ಕೆ ಹೊರಡೋಣ. ಪೇಟೆಯಲ್ಲಿ ಬಿಸಿಲಿದೆ ಅಂತ ಕೊಡೆ ಬಿಟ್ಟು ಬರಬೇಡಿ. ಕಡಲ ಕಡೆಯಿಂದ ಬರುವ ಒದ್ದೆ ಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣಿದು ಅಲ್ಲೇ ಮಳೆಯಾಗಿ ಸುರಿಯುತ್ತದೆ. ಹೋದ ಸಲ ಉಂಚಳ್ಳಿಯಲ್ಲಿ ಅರ್ಧ ಗಂಟೆ ನಿಂತೆವು, ಬರೀ ಬಿಳಿ ಮಂಜು. 116 ಮೀಟರ್ ಜಲಪಾತದ ಸದ್ದಷ್ಟೇ ಕೇಳಿತು! ಕೊನೆಗೆ ಗಾಳಿ ಬೀಸಿ ಎರಡು ನಿಮಿಷ ಕಂಡಿತು.

ಅಘನಾಶಿನಿ ನದಿ ಕಣಿವೆಯ ಈ ಕಾಡು 2011ರಲ್ಲಿ ಸಿಂಗಳೀಕಗಳ (ಸಿಂಹದ ಬಾಲದ ಕೋತಿಗಳ) ಸಂರಕ್ಷಣಾ ಮೀಸಲಾಯಿತು, 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಅವು ನೆಲಕ್ಕೆ ಇಳಿಯುವುದು ಕಡಿಮೆ. ಕೊಂಬೆಗೆ ಕೊಂಬೆ ತಾಗಿರುವ ಕಾಡೇ ಬೇಕು. ಕಂಡರೆ ಸುಮ್ನೆ ನೋಡಿ, ಚಿಪ್ಸ್ ಎಸೆಯಬೇಡಿ. ಮಕ್ಕಳಿಗೂ ಹೇಳಿಡಿ.

ಉಂಬಳ (ಜಿಗಣೆ) ಜಾಸ್ತಿ ಇವೆ. ಉದ್ದ ಕಾಲುಚೀಲ ಹಾಕಿಕೊಳ್ಳಿ, ಒಂದು ಪೊಟ್ಟಣ ಉಪ್ಪು ನಾನು ತರುತ್ತೇನೆ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.