ಜಾನಕಿ ಅಮ್ಮಾಳ್ ಕಬ್ಬಿಗೆ ಸಕ್ಕರೆ ಹಾಕಿದವರಲ್ಲ

ಸಂಪಾದಕರಿಗೆ ನಮಸ್ಕಾರ.

ನವೆಂಬರ್ 4ರ ನಿಮ್ಮ ಪೇಪರಲ್ಲಿ ಒಳಗಿನ ಪುಟದ ಮೂಲೆಗೆ, ಸಸ್ಯ ವಿಜ್ಞಾನಿ ಜಾನಕಿ ಅಮ್ಮಾಳ್ ಹುಟ್ಟಿದ ದಿನ ಅಂತ ಒಂದು ಸಣ್ಣ ಬಾಕ್ಸ್ ಬಂದಿತ್ತು, ಹೆಡ್ಡಿಂಗ್ 'ಭಾರತದ ಕಬ್ಬಿಗೆ ಸಿಹಿ ತುಂಬಿದ ಮಹಿಳೆ'. ಅವರ ಹೆಸರು ಪೇಪರಲ್ಲಿ ಕಂಡದ್ದಕ್ಕೆ ಖುಷಿಯೇ ಆಯ್ತು, ಆದ್ರೆ ಆ ಹೆಡ್ಡಿಂಗ್ ಓದಿದ ಮೇಲೆ ಸುಮ್ಮನೆ ಕೂತ್ಕೊಳ್ಲಿಕ್ಕೆ ಆಗ್ಲಿಲ್ಲ. ವಾಟ್ಸಾಪಲ್ಲಿ ಇದೇ ಲೈನು ಪ್ರತಿ ವರ್ಷ ತಿರುಗ್ತದೆ, ನಿಮ್ಮವರೂ ಅಲ್ಲಿಂದಲೇ ಎತ್ತಿದ ಹಾಗೆ ಕಾಣ್ತದೆ.

ನಾನು ಪ್ರೊಫೆಸರ್ ಎಂತದೂ ಅಲ್ಲ. ಮಂಗಳೂರಿನ ಒಂದು ಕಾಲೇಜಿನ ಬಾಟನಿ ಲ್ಯಾಬಲ್ಲಿ 31 ವರ್ಷ ಅಟೆಂಡರ್ ಆಗಿದ್ದು ರಿಟೈರ್ ಆದವ. ಡಿಗ್ರಿ ಇಲ್ಲ, ಆದ್ರೆ ನೀರುಳ್ಳಿ ಬೇರು ಕೊಯ್ದು ಕ್ರೋಮೊಸೋಮ್, ಅಂದ್ರೆ ಜೀವಕೋಶದ ಒಳಗೆ ವಂಶದ ಗುಣ ಹೊರುವ ಎಳೆಗಳು, ಅದರ ಸ್ಲೈಡ್ ಮಾಡ್ಲಿಕ್ಕೆ ಮಕ್ಕಳಿಗೆ ತೋರಿಸಿ ಕೊಟ್ಟವ ನಾನೇ, ಲೆಕ್ಚರರ್ಸ್ ಬೋರ್ಡಲ್ಲಿ ಬರೀತಿದ್ರು ಅಷ್ಟೇ. ನಮ್ಮ ಡಿಪಾರ್ಟ್‌ಮೆಂಟಿನ ಗೋಡೆಯಲ್ಲಿ ಜಾನಕಿ ಅಮ್ಮಾಳ್ ಫೋಟೊ ಇತ್ತು, ಎಚ್‌ಒಡಿ ಮೇಡಂ ಅದನ್ನು ತೋರಿಸಿ ತೋರಿಸಿ ಅವರ ಕತೆ ಎಷ್ಟು ಸಲ ಹೇಳಿದ್ದಾರೆ ಅಂದ್ರೆ ನನಗೆ ಬಾಯಿಪಾಠ ಆಗಿ ಹೋಗಿತ್ತು.

ಮೊದಲು ತಪ್ಪು ಯಾವುದು ಅಂತ ಹೇಳಿ ಬಿಡ್ತೇನೆ. ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಊರಿನ ಕಬ್ಬಿಗೆ, ಅಂದ್ರೆ ದಪ್ಪ ಕಾಂಡದ್ದಕ್ಕೆ, ಹೊಳೆ ಬದಿಯಲ್ಲಿ ಬಿಳಿ ಕುಂಚ ಬಿಟ್ಟು ನಿಲ್ಲುವ ಕಾಡು ಜಾತಿಯನ್ನು ಕ್ರಾಸ್ ಮಾಡಿ ಕೋ 205 ಅನ್ನುವ ತಳಿ ತೆಗೆದದ್ದು ಅಲ್ಲಿಯ ವಿಜ್ಞಾನಿಗಳಾದ ಬಾರ್ಬರ್ ಮತ್ತೆ ಟಿ.ಎಸ್. ವೆಂಕಟರಾಮನ್ ಅವರ ಕಾಲದಲ್ಲಿ. ಜಾನಕಿ ಅಮ್ಮಾಳ್ ಕೊಯಮತ್ತೂರಿಗೆ ಹೋದದ್ದು 1934ರಲ್ಲಿ, ಅಷ್ಟೊತ್ತಿಗೆ ಆ ತಳಿ ಉತ್ತರ ಭಾರತದ ಗದ್ದೆಗಳಿಗೆ ಹೋಗಿ ವರ್ಷಗಳೇ ಆಗಿತ್ತು. ಅವರು ಕೂಡ ಕ್ರಾಸ್ ಮಾಡಿದ್ದಾರೆ, ಇಲ್ಲ ಅಂತ ಹೇಳುದಿಲ್ಲ, ಕಬ್ಬನ್ನು ಮೆಕ್ಕೆಜೋಳದ ಜೊತೆ ಸೇರಿಸಿ ಗಿಡ ತೆಗೆದಿದ್ದಾರೆ, ಆದ್ರೆ ಅದನ್ನು ಯಾರೂ ಗಾಣಕ್ಕೆ ಹಾಕಿ ಬೆಲ್ಲ ಮಾಡ್ಲಿಕ್ಕೆ ಅಂತ ಮಾಡಿದ್ದಲ್ಲ. ಕಬ್ಬು ಅಂದ್ರೆ ಜೀವಕೋಶದ ಒಳಗೆ ಎಂತ, ಅದರ ನೆಂಟರು ಯಾರು, ಯಾವ ಕಾಡು ಜಾತಿಯಿಂದ ಅದಕ್ಕೆ ಎಂತ ಬಂತು, ಅದು ಅವರಿಗೆ ಬೇಕಾಗಿದ್ದದ್ದು. ಅದಕ್ಕೆ ದಾರಿ ಒಂದೇ, ಕ್ರೋಮೊಸೋಮ್ ಲೆಕ್ಕ ಮಾಡುದು.

ಲೆಕ್ಕ ಮಾಡುದು ಅಂದ್ರೆ ಓದುವವರಿಗೆ ದೊಡ್ಡ ಕೆಲಸ ಅಂತ ಕಾಣ್ಲಿಕ್ಕಿಲ್ಲ, ಮಾಡಿದವರನ್ನು ಕೇಳಿ. ನೀರುಳ್ಳಿಯನ್ನು ಗ್ಲಾಸಿನ ಬಾಯಿ ಮೇಲೆ ಕೂರಿಸಿ ಅಡಿ ಮಾತ್ರ ನೀರಿಗೆ ತಾಗುವ ಹಾಗೆ ಇಟ್ರೆ 3-4 ದಿನದಲ್ಲಿ ಬಿಳಿ ಬೇರು ಬರ್ತದೆ, ಬೆಳಿಗ್ಗೆ ಹೊತ್ತಿಗೆ ತುದಿ ಕತ್ತರಿಸಿ ಒಂದು ಪಾಲು ಅಸಿಟಿಕ್ ಆಸಿಡ್ ಮೂರು ಪಾಲು ಆಲ್ಕೊಹಾಲಲ್ಲಿ ಒಂದು ದಿನ ಇಡ್ಬೇಕು, ಮತ್ತೆ ಕಾರ್ಮೈನ್ ಬಣ್ಣ ಹಾಕಿ ಸ್ಪಿರಿಟ್ ಲ್ಯಾಂಪಿನ ಮೇಲೆ ಕೈಗೆ ಬಿಸಿ ತಾಗುವಷ್ಟೇ ಕಾಯಿಸಿ, ಕುದಿಯಬಾರದು, ಕವರ್ ಸ್ಲಿಪ್ ಇಟ್ಟು ಸೂಜಿಯ ಹಿಂಬದಿಯಿಂದ ಮೆಲ್ಲ ತಟ್ಟಿ, ಕೊನೆಗೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಲ್ಲಿ ಒತ್ತುದು. ಸ್ಲಿಪ್ ಒಂದು ಕೂದಲಿನಷ್ಟು ಪಕ್ಕಕ್ಕೆ ಜಾರಿದ್ರೂ ಎಲ್ಲ ಸುತ್ತಿ ಬತ್ತಿ ಆಗ್ತದೆ, ಪುನಃ ಮೊದಲಿಂದ. ನೀರುಳ್ಳಿಗೆ ಇರುದು 16, ಅದೂ ಉದ್ದುದ್ದ, ಹಾಗಾಗಿ ಡಿಗ್ರಿ ಮಕ್ಕಳಿಗೆ ಅದನ್ನೇ ಕೊಡುದು. ಆದ್ರೂ ಅರ್ಧ ಕ್ಲಾಸಿಗೆ ಸಿಗ್ತಾ ಇರ್ಲಿಲ್ಲ.

ಒಂದು ವರ್ಷ ಮೊಂತಿ ಫೆಸ್ತ್, ಅಂದ್ರೆ ಇಲ್ಲಿಯ ಕ್ರಿಶ್ಚಿಯನರ ಹೊಸ ತೆನೆ ಹಬ್ಬ, ಆದ ಮೇಲೆ ಪಕ್ಕದ ಮನೆಯ ಹೆಂಗಸು ಚರ್ಚಿಂದ ತಂದ ಕಬ್ಬು ಕೊಟ್ರು, ನಾನು ಅದರ ಒಂದು ಗಂಟನ್ನು ತಿನ್ನದೆ ಉಳಿಸಿ ಮಣ್ಣಿಗೆ ಹಾಕಿ ಬೇರು ಬರಿಸಿ ಸ್ಲೈಡ್ ಮಾಡಿದೆ, ಒಂದು ಹುಚ್ಚು. ದಪ್ಪ ಕಬ್ಬಿಗೆ 80 ಕ್ರೋಮೊಸೋಮ್ ಅಂತ ಮೇಡಂ ಹೇಳಿದ್ದು ಗೊತ್ತಿತ್ತು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸಾಸಿವೆ ಒಗ್ಗರಣೆ ಚೆಲ್ಲಿದ ಹಾಗೆ, ಒಂದರ ಮೇಲೆ ಒಂದು. ಒಂದು ಸಲ 71 ಬಂತು, ಇನ್ನೊಂದು ಸಲ 86, ಮೂರನೇ ಸಲಕ್ಕೆ ಕಣ್ಣಲ್ಲಿ ನೀರು ಬಂದು ಬಿಟ್ಟೆ. ಮೇಡಂ ನಗಾಡಿ 'ಆಕೆ ಇದನ್ನೇ ವರ್ಷಗಟ್ಟಲೆ ಮಾಡಿದ್ದು' ಅಂದ್ರು. ಅದೂ ಹೊಳೆ ಬದಿಯ ಆ ಕಾಡು ಕಬ್ಬಿದೆಯಲ್ಲ, ಅದರದ್ದು ಒಂದೊಂದು ಊರಿನ ಗಿಡಕ್ಕೆ ಒಂದೊಂದು ಲೆಕ್ಕ, 40ರಿಂದ ಹಿಡಿದು 128ರ ತನಕ. ಕೋಶ ಬಿಡಿಸಿ ನೋಡದೆ ಹೊರಗಿಂದ ಹುಲ್ಲು ನೋಡಿ ಯಾರಿಗೂ ಗೊತ್ತಾಗುವಂಥದ್ದಲ್ಲ. ನಿಮ್ಮ ಹೆಡ್ಡಿಂಗಲ್ಲಿ ಈ ಕೆಲಸ ಪೂರಾ ಮಾಯ ಆಗಿದೆ ನೋಡಿ, ನನ್ನ ತಕರಾರು ಇದೇ.

ಮತ್ತೆ ನಿಮ್ಮ ಬಾಕ್ಸಲ್ಲಿ ಕಬ್ಬು ಆದ ಕೂಡಲೇ ಪದ್ಮಶ್ರೀ ಬಂದಿದೆ. ಮಧ್ಯದಲ್ಲಿ ಸುಮಾರು 40 ವರ್ಷ ಎಲ್ಲಿ ಹೋಯ್ತು? 1939ರಲ್ಲಿ ಎಡಿನ್‌ಬರೋದ ಜೆನೆಟಿಕ್ಸ್ ಸಮ್ಮೇಳನಕ್ಕೆ ಅಂತ ಹೋದವರು, ಯುದ್ಧ ಶುರು ಆಗಿ ಅಲ್ಲೇ ಉಳಿದ್ರು, ಲಂಡನಿನ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ಬಾಂಬು ಬೀಳುವ ಕಾಲದಲ್ಲಿ ಕೂತು ಕೋಶ ನೋಡಿದ್ರು. ಡಾರ್ಲಿಂಗ್ಟನ್ ಅನ್ನುವ ವಿಜ್ಞಾನಿಯ ಜೊತೆ ಸೇರಿ, ಮನುಷ್ಯ ಬೆಳೆಸುವ ಗಿಡಗಳದ್ದೆಲ್ಲ ಕ್ರೋಮೊಸೋಮ್ ಲೆಕ್ಕ ಒಂದೇ ಕಡೆ ಹಾಕಿ 1945ರಲ್ಲಿ ಅಟ್ಲಾಸ್ ತಂದದ್ದು ಅವರು. ನಮ್ಮ ಊರಿನವರಿಗೆ ಬೇಕಾದದ್ದು ಇಂಥ ಲೆಕ್ಕವೇ ಅಲ್ವಾ, ತೆಂಗಿಗೆ 32, ಅಡಿಕೆಗೆ 32, ಭತ್ತಕ್ಕೆ 24, ನಮ್ಮ ಗುಳ್ಳ ಬದನೆ ಜಾತಿಗೂ 24, ನೇಂದ್ರ ಬಾಳೆಗೆ 33. ಆ 33 ಅಂದ್ರೆ 11ರ ಮೂರು ಪಾಲು, ಜೋಡಿ ಆಗ್ಲಿಕ್ಕೆ ಒಂದು ಪಾಲು ಜಾಸ್ತಿ, ಅದಕ್ಕೇ ನೇಂದ್ರದಲ್ಲಿ ಬೀಜ ಕಟ್ಟುದಿಲ್ಲ, ಕಂದು ನೆಟ್ಟೇ ಬೆಳೆಸ್ಬೇಕು. ತೋಟದವರಿಗೆ ಕಂದು ನೆಡ್ಲಿಕ್ಕೆ ಯಾರೂ ಹೇಳಿ ಕೊಡ್ಬೇಕು ಅಂತಿಲ್ಲ, ಆದ್ರೆ ಯಾಕೆ ಅಂತ ಕೇಳಿದ್ರೆ ಉತ್ತರ ಇರುದು ಆ ಲೆಕ್ಕದಲ್ಲಿ.

ಆಮೇಲೆ ಇಂಗ್ಲೆಂಡಿನ ವಿಸ್ಲೆಯ ತೋಟದಲ್ಲಿ ಮ್ಯಾಗ್ನೋಲಿಯಾ ಅನ್ನುವ ಹೂಗಿಡದ ಮೊಳಕೆಗೆ ಕಾಲ್ಚಿಸಿನ್ ಅನ್ನುವ ರಾಸಾಯನಿಕ ಹಾಕಿದ್ದು. ಕೋಶ ಎರಡಾಗುವ ಹೊತ್ತಿಗೆ ಕ್ರೋಮೊಸೋಮನ್ನು ಆಚೆ ಈಚೆ ಎಳೆಯುವ ದಾರ ಇರ್ತದೆ, ಕಾಲ್ಚಿಸಿನ್ ಅದನ್ನು ಕಟ್ಟಲಿಕ್ಕೇ ಬಿಡುದಿಲ್ಲ, ಕ್ರೋಮೊಸೋಮ್ ಡಬ್ಬಲ್ ಆಗಿ ಒಂದೇ ಕೋಶದಲ್ಲಿ ಉಳೀತದೆ. ಎಲೆ ದಪ್ಪ ಆಗ್ತದೆ, ಹೂ ದೊಡ್ಡದಾಗ್ತದೆ. ಹಾಗೆ ಬಂದ ಒಂದು ಮ್ಯಾಗ್ನೋಲಿಯಾಕ್ಕೆ ಅವರ ಹೆಸರೇ ಉಂಟು. (ನಮ್ಮಲ್ಲಿ ಆಟಿ-ಸೋಣ ತಿಂಗಳಲ್ಲಿ ಬೇಲಿ ಮೇಲೆ ಬೆಂಕಿ ಹೊತ್ತಿದ ಹಾಗೆ ಹೂ ಬಿಡುವ ಅಗ್ನಿಶಿಖೆ ಗೆಡ್ಡೆಯಲ್ಲೂ ಇದೇ ಕಾಲ್ಚಿಸಿನ್ ಉಂಟು, ವಿಷ, ಮಕ್ಕಳನ್ನು ಮುಟ್ಲಿಕ್ಕೆ ಬಿಡ್ಬೇಡಿ.)

ನೆಹರು ಕರೆದ ಮೇಲೆ 1951ರಲ್ಲಿ ವಾಪಸ್ ಬಂದು ಬೊಟಾನಿಕಲ್ ಸರ್ವೆ, ಅಂದ್ರೆ ದೇಶದ ಗಿಡಗಳ ಸರ್ವೆ ಮಾಡುವ ಸರಕಾರಿ ಸಂಸ್ಥೆಯ ಕೆಲಸ. ಅದರ ಬಗ್ಗೆ ನಾನು ಹೆಚ್ಚು ಎಳೆಯುದಿಲ್ಲ, ಫೈಲು-ಮೀಟಿಂಗಿನ ಕತೆ. ಆದ್ರೆ ವಯಸ್ಸು 80 ದಾಟಿದ ಮೇಲೂ ಕೇರಳದ ಸೈಲೆಂಟ್ ವ್ಯಾಲಿ ಕಾಡಿಗೆ ಅಣೆಕಟ್ಟು ಬೇಡ ಅಂತ ನಿಂತವರಲ್ಲಿ ಅವರೂ ಒಬ್ಬರು, ಅಲ್ಲಿನ ಗಿಡಗಳದ್ದೂ ಕ್ರೋಮೊಸೋಮ್ ನೋಡ್ಬೇಕು ಅಂತ ಹೊರಟಿದ್ರು. ಮದ್ರಾಸ್ ಹತ್ರ ಮಧುರವಾಯಲಿನ ಫೀಲ್ಡ್ ಲ್ಯಾಬಲ್ಲಿ ಕೆಲಸ ಬಿಡ್ಲೇ ಇಲ್ಲ, 1984ರಲ್ಲಿ ತೀರಿ ಹೋಗುವ ತನಕ. ನಾವು 60ಕ್ಕೆ ರಿಟೈರ್ ಆಗಿ ಟಿವಿ ಮುಂದೆ ಕೂತವರು.

ಈಗ ಇದನ್ನು ಯಾಕೆ ಇಷ್ಟು ಉದ್ದ ಬರೆದೆ ಅಂದ್ರೆ, ನನ್ನ ತಂಗಿಯ ಮಗಳು ಈ ವರ್ಷ ಬಿಎಸ್ಸಿಗೆ ಬಾಟನಿ ತಗೊಂಡಿದ್ದಾಳೆ. ಪಿಯುಸಿ ರಿಸಲ್ಟ್ ಬಂದಾಗ ಉಡುಪಿ ಫಸ್ಟಾ ದಕ್ಷಿಣ ಕನ್ನಡ ಫಸ್ಟಾ ಅಂತ ನಿಮ್ಮ ಪೇಪರಲ್ಲಿ ಪುಟಗಟ್ಟಲೆ, ಫೋಟೊದಲ್ಲಿ ಎಲ್ಲರೂ ಡಾಕ್ಟರ್, ಇಂಜಿನಿಯರ್, ಸಿಎ. ಇವಳಿಗೂ ಮಾರ್ಕ್ ಇತ್ತು, ನೆಂಟರೆಲ್ಲ ಫೋನ್ ಮಾಡಿ 'ಎಂತ ಮಾರಾಯ್ತಿ ಸೀಟ್ ಸಿಗ್ಲಿಲ್ವಾ' ಅಂತ ಕೇಳುದು. ಅವಳು ನಿಮ್ಮ ಬಾಕ್ಸ್ ಕಟ್ ಮಾಡಿ ಮೇಜಿಗೆ ಅಂಟಿಸಿದ್ದಾಳೆ. ನಾನು ಹೇಳಿದೆ, ಮಗಾ, ಹೆಡ್ಡಿಂಗ್ ತಪ್ಪುಂಟು ಅಂತ. 'ಮಾವ, ಹಾಗಾದ್ರೆ ಅವರು ನಿಜಕ್ಕೂ ಎಂತ ಮಾಡಿದ್ದು' ಅಂತ ಕೇಳಿದಳು, ಮೇಲೆ ಬರೆದದ್ದೆಲ್ಲ ಅವಳಿಗೆ ಹೇಳಿದ್ದೇ. ಅರ್ಧ ಗಂಟೆ ಕೇಳಿ 'ಅಂದ್ರೆ ಲೆಕ್ಕ ಮಾಡಿಯೇ ಸೈಂಟಿಸ್ಟ್ ಆದ್ರಾ' ಅಂದಳು. ಹೌದು ಅಂದೆ. ಮರುದಿನ ಅಡುಗೆ ಮನೆಯಿಂದ ನಾಲ್ಕು ನೀರುಳ್ಳಿ ಕಾಣೆ.

ಹಾಗಾಗಿ ಒಂದು ತಿದ್ದುಪಡಿ ಹಾಕಿ, ಎರಡು ಲೈನ್ ಸಾಕು, ಅದೇ ಮೂಲೆಯಲ್ಲಿ ಆದ್ರೂ ಅಡ್ಡಿಲ್ಲ. ಇನ್ನೊಂದು, ಅವರ ಊರನ್ನು 'ಟೆಲ್ಲಿಚೆರಿ' ಅಂತ ಯಾವುದೋ ಪರದೇಶದ ಹಾಗೆ ಹಾಕಿದ್ದೀರಿ. ಅದು ನಮ್ಮ ತಲಶ್ಶೇರಿ. ಮಂಗಳೂರು ಸೆಂಟ್ರಲಿಂದ ರೈಲು ಹತ್ತಿದ್ರೆ ಸುಮಾರು ಮೂರು ಗಂಟೆಯ ದಾರಿ, 1956ರ ವರೆಗೆ ನಾವೂ ಅವರೂ ಒಂದೇ ಮದ್ರಾಸ್ ರಾಜ್ಯದವರು. ಮಂಗಳೂರಿನ ಕುದ್ರೋಳಿ ದೇವಸ್ಥಾನದಲ್ಲಿ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳೇ ಅಲ್ಲಿಯ ಜಗನ್ನಾಥ ದೇವಸ್ಥಾನದಲ್ಲೂ ಪ್ರತಿಷ್ಠೆ ಮಾಡಿದ್ದು. ಬಿರಿಯಾನಿ ತಿನ್ಲಿಕ್ಕೆ ಹೋಗುವ ನಮ್ಮ ಹುಡುಗರೂ ತಲಶ್ಶೇರಿ ಅಂತಲೇ ಹೇಳುದು.

ಇತಿ,
ನಿವೃತ್ತ ಲ್ಯಾಬ್ ಅಟೆಂಡರ್, ಕಟಪಾಡಿ